ಹರಿಯುವ ನೋಟದಿಂದ ಮೆದುಳು ದಾರಿ ಕಂಡುಕೊಳ್ಳುವ ಬಗೆ

ಆಗಷ್ಟೇ ನಡೆಯಲು ಕಲಿತ ಮಗುವೊಂದನ್ನು ವಿಶೇಷವಾಗಿ ಕಟ್ಟಿದ ಕೋಣೆಯೊಳಗೆ ನಿಲ್ಲಿಸಲಾಗಿದೆ. ನೆಲ ಎಂದಿನಂತೆ ಗಟ್ಟಿಯಾಗಿದೆ, ಆದರೆ ಗೋಡೆಗಳೂ ಚಾವಣಿಯೂ ನೆಲಕ್ಕೆ ತಾಗದೆ ಒಂದೇ ಡಬ್ಬಿಯಂತೆ ಮೇಲಿನಿಂದ ತೂಗುತ್ತಿವೆ. ಸಂಶೋಧಕರು ಆ ಡಬ್ಬಿಯನ್ನು ಮೆಲ್ಲಗೆ ಸರಿಸಿದಾಗ ಮಗುವಿನ ಎದುರಿನ ಗೋಡೆ ಸ್ವಲ್ಪವೇ ಹತ್ತಿರ ಬರುತ್ತದೆ. ಯಾರೂ ಮಗುವನ್ನು ಮುಟ್ಟಿಲ್ಲ, ಕಾಲಡಿಯ ನೆಲ ಅಲುಗಿಲ್ಲ. ಆದರೂ ಮಗು ಹಿಂದಕ್ಕೆ ವಾಲುತ್ತದೆ, ತೂರಾಡುತ್ತದೆ, ಕೆಲವೊಮ್ಮೆ ಬಿದ್ದೇಬಿಡುತ್ತದೆ. ಗೋಡೆಯನ್ನು ದೂರಕ್ಕೆ ಸರಿಸಿದರೆ ಮಗು ಮುಂದಕ್ಕೆ ವಾಲುತ್ತದೆ.

1974ರಲ್ಲಿ ಮನೋವಿಜ್ಞಾನಿ ಡೇವಿಡ್ ಲೀ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಈ ಪ್ರಯೋಗ, ಕಣ್ಣಿನ ಬಗ್ಗೆ ನಾವು ಸಾಮಾನ್ಯವಾಗಿ ಇಟ್ಟುಕೊಂಡಿರುವ ಕಲ್ಪನೆಯನ್ನು ಬುಡಮೇಲು ಮಾಡುತ್ತದೆ. ಕಣ್ಣು ಹೊರಗಿನ ವಸ್ತುಗಳನ್ನು ಗುರುತಿಸಲು ಇದೆ, ಸಮತೋಲನವನ್ನು ನೋಡಿಕೊಳ್ಳುವುದು ಒಳಕಿವಿ ಮತ್ತು ಕಾಲುಗಳ ಕೆಲಸ ಎಂದು ನಾವು ತಿಳಿದಿರುತ್ತೇವೆ. ಆದರೆ ಎದುರಿನ ಗೋಡೆ ಹಿಗ್ಗುತ್ತಾ ಹತ್ತಿರ ಬಂದಾಗ ಮಗುವಿನ ಮೆದುಳು ‘ಗೋಡೆ ಸರಿಯಿತು’ ಎಂದು ತೀರ್ಮಾನಿಸಲಿಲ್ಲ. ‘ನಾನು ಮುಂದಕ್ಕೆ ವಾಲುತ್ತಿದ್ದೇನೆ’ ಎಂದು ತೀರ್ಮಾನಿಸಿ, ಅದನ್ನು ಸರಿಪಡಿಸಲು ಮೈಯನ್ನು ಹಿಂದಕ್ಕೆ ಎಳೆಯಿತು. ದೊಡ್ಡವರಲ್ಲಿ ಈ ವಾಲುವಿಕೆ ಕಡಿಮೆ, ಆದರೆ ಇಲ್ಲದಿಲ್ಲ. ನಿಲ್ದಾಣದಲ್ಲಿ ನಿಂತ ರೈಲಿನ ಕಿಟಕಿಯಿಂದ ನೋಡುತ್ತಿರುವಾಗ ಪಕ್ಕದ ಹಳಿಯ ರೈಲು ಹೊರಟರೆ, ಹೊರಟಿದ್ದು ನಮ್ಮದೇ ರೈಲು ಎಂದು ಒಂದು ಕ್ಷಣ ಅನ್ನಿಸುವುದು ಇದೇ ತೀರ್ಮಾನದ ಇನ್ನೊಂದು ರೂಪ.

ನಾವು ಚಲಿಸಿದಾಗಲೆಲ್ಲ ಇಡೀ ಜಗತ್ತಿನ ಬಿಂಬ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಹರಿಯುತ್ತದೆ. ಆಪ್ಟಿಕ್ ಫ್ಲೋ ಎಂದು ವಿಜ್ಞಾನಿಗಳು ಕರೆಯುವ ಇದನ್ನು ದೃಶ್ಯಪ್ರವಾಹ ಎನ್ನಬಹುದು. ಈ ಹರಿವನ್ನು ನೋಟಕ್ಕೆ ಅಡ್ಡಿಯೆಂದು ಕಾಣದೆ, ಅದರಲ್ಲೇ ದಾರಿಯ ಸುಳಿವು ಅಡಗಿದೆ ಎಂದು ವ್ಯವಸ್ಥಿತವಾಗಿ ಪ್ರತಿಪಾದಿಸಿದವರು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಅಮೆರಿಕದ ಸೇನಾ ವಾಯುಪಡೆಗಾಗಿ ವಿಮಾನ ಚಾಲಕರ ದೃಷ್ಟಿ ಸಾಮರ್ಥ್ಯವನ್ನು ಅಧ್ಯಯನ ಮಾಡುತ್ತಿದ್ದರು. ವಿಮಾನ ಇಳಿಯುವಾಗ ಚಾಲಕನ ಕಣ್ಣಿಗೆ ರನ್‌ವೇ ಹೇಗೆ ಕಾಣುತ್ತದೆ ಎಂಬುದನ್ನು ಚಿತ್ರಿಸಿದಾಗ ಒಂದು ಸರಳ ವಿನ್ಯಾಸ ಹೊರಬಂತು: ನೆಲದ ಪ್ರತಿಯೊಂದು ಚುಕ್ಕೆಯೂ ಹೊರಮುಖವಾಗಿ ಸರಿಯುತ್ತದೆ, ಆ ಎಲ್ಲ ಚಲನೆಗಳೂ ಒಂದೇ ಬಿಂದುವಿನಿಂದ ಹೊರಟಂತೆ ಕಾಣುತ್ತವೆ, ಆ ಬಿಂದು ಮಾತ್ರ ಅಲುಗದೆ ನಿಲ್ಲುತ್ತದೆ. ವಿಮಾನ ಇದೇ ದಾರಿಯಲ್ಲಿ ಸಾಗಿದರೆ ನೆಲ ಮುಟ್ಟುವುದು ಆ ಬಿಂದುವಿನಲ್ಲೇ. ಇದಕ್ಕೆ ಹಿಗ್ಗುವಿಕೆಯ ಕೇಂದ್ರ ಎಂಬ ಹೆಸರು ಬಂತು. ಗಿಬ್ಸನ್ 1950ರಲ್ಲಿ ಈ ವಿಚಾರಗಳನ್ನು ವಿಸ್ತಾರವಾಗಿ ಮಂಡಿಸಿದರು.

ಪ್ರವಾಹದ ವೇಗ ಎಲ್ಲೆಡೆ ಒಂದೇ ಅಲ್ಲ ಎಂಬುದೂ ಮುಖ್ಯ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನಡೆಯುವವರ ನೇರ ಪಕ್ಕದಲ್ಲಿ, ಒಂದು ಮೀಟರ್ ದೂರದಲ್ಲಿ ಕಂಬವೊಂದಿದ್ದರೆ ಅದರ ಬಿಂಬ ಸೆಕೆಂಡಿಗೆ ಸುಮಾರು 57 ಡಿಗ್ರಿಯಷ್ಟು ವೇಗವಾಗಿ ಹಿಂದಕ್ಕೆ ಸರಿಯುತ್ತದೆ. ಹತ್ತು ಮೀಟರ್ ದೂರದ ಮರದ ಬಿಂಬಕ್ಕೆ ಈ ವೇಗ ಆರು ಡಿಗ್ರಿಗಿಂತ ಕಡಿಮೆ, ನೂರು ಮೀಟರ್ ದೂರದ ಕಟ್ಟಡಕ್ಕೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಚಂದ್ರನಿಗೆ ಅದು ಸೊನ್ನೆಯೇ ಎನ್ನಬೇಕು; ಎಷ್ಟು ನಡೆದರೂ ಚಂದ್ರ ನಮ್ಮ ಜೊತೆಗೇ ಬರುತ್ತಾನೆ ಎಂದು ಮಕ್ಕಳಿಗೆ ಅನ್ನಿಸುವುದಕ್ಕೆ ಇದೇ ಕಾರಣ. ಹೀಗೆ ಯಾವುದು ಹತ್ತಿರ, ಯಾವುದು ದೂರ ಎಂಬ ಸಂಗತಿಯನ್ನೂ ಪ್ರವಾಹವೇ ಹೇಳುತ್ತದೆ. ಆದರೆ ಅದು ಹೇಳುವುದು ವೇಗ ಮತ್ತು ದೂರಗಳ ಅನುಪಾತವನ್ನು ಮಾತ್ರ. ನಿಧಾನವಾಗಿ ಸಾಗುವವನ ಪಕ್ಕದ ಹತ್ತಿರದ ಗೋಡೆಯೂ, ವೇಗವಾಗಿ ಸಾಗುವವನ ಪಕ್ಕದ ದೂರದ ಗೋಡೆಯೂ ಅಕ್ಷಿಪಟಲದ ಮೇಲೆ ಒಂದೇ ಬಗೆಯ ಹರಿವನ್ನು ಉಂಟುಮಾಡಬಲ್ಲವು. ಈ ದೌರ್ಬಲ್ಯವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಜೇನುನೊಣಗಳ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ.

ಅನುಪಾತ ಮಾತ್ರ ಸಿಗುವುದು ಕೊರತೆಯಂತೆ ಕಂಡರೂ ಕೆಲವು ಕೆಲಸಗಳಿಗೆ ಬೇಕಾಗಿರುವುದು ಅನುಪಾತವೇ. ವಸ್ತುವೊಂದು ನೇರವಾಗಿ ನಮ್ಮತ್ತ ಸಮವೇಗದಲ್ಲಿ ಬರುತ್ತಿದೆ ಎಂದುಕೊಳ್ಳೋಣ. ಈ ಕ್ಷಣದಲ್ಲಿ ಅದರ ಬಿಂಬ ಕಣ್ಣಿನಲ್ಲಿ ಎರಡು ಡಿಗ್ರಿಯಷ್ಟು ಅಗಲವಿದ್ದು, ಸೆಕೆಂಡಿಗೆ ಅರ್ಧ ಡಿಗ್ರಿಯಂತೆ ಹಿಗ್ಗುತ್ತಿದೆ. ಎರಡನ್ನು ಅರ್ಧದಿಂದ ಭಾಗಿಸಿದರೆ ನಾಲ್ಕು. ಅಂದರೆ ಅದು ನಮ್ಮನ್ನು ತಲುಪಲು ಇನ್ನು ಸುಮಾರು ನಾಲ್ಕು ಸೆಕೆಂಡು. ವಸ್ತು ಎಷ್ಟು ದೊಡ್ಡದು, ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬ ಮೂರರಲ್ಲಿ ಒಂದೂ ಗೊತ್ತಿಲ್ಲದಿದ್ದರೂ ಡಿಕ್ಕಿಗೆ ಉಳಿದಿರುವ ಸಮಯ ಗೊತ್ತಾಯಿತು. ಲೀ ಅವರು 1976ರಲ್ಲಿ ಈ ಅನುಪಾತಕ್ಕೆ ಗ್ರೀಕ್ ಅಕ್ಷರ ‘ಟೌ’ ಬಳಸಿ, ಚಾಲಕರು ಬ್ರೇಕ್ ಒತ್ತುವ ಕ್ಷಣವನ್ನು ನಿರ್ಧರಿಸಲು ಇದು ಸಾಕಾಗುತ್ತದೆ ಎಂದು ತೋರಿಸಿದರು. ಮುಂದೆ 1981ರಲ್ಲಿ ಅವರು ಸಹಸಂಶೋಧಕ ರೆಡಿಶ್ ಅವರ ಜೊತೆಗೂಡಿ, ಗ್ಯಾನೆಟ್ ಎಂಬ ಕಡಲಹಕ್ಕಿಯನ್ನು ಇದೇ ದೃಷ್ಟಿಯಿಂದ ಪರಿಶೀಲಿಸಿದರು. ಮೀನಿಗಾಗಿ ಎತ್ತರದಿಂದ ಸಮುದ್ರಕ್ಕೆ ಧುಮುಕುವ ಈ ಹಕ್ಕಿ ನೀರು ಮುಟ್ಟುವ ತುಸು ಮುಂಚೆ ರೆಕ್ಕೆಗಳನ್ನು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬೇಗ ಮಡಚಿದರೆ ಗುರಿಯ ಮೇಲಿನ ಹಿಡಿತ ತಪ್ಪುತ್ತದೆ, ತಡವಾದರೆ ರೆಕ್ಕೆ ಮುರಿಯುತ್ತದೆ. ಮಡಚುವ ಕ್ಷಣ ಟೌ ಲೆಕ್ಕಕ್ಕೆ ಹೊಂದುತ್ತದೆ ಎಂಬುದು ಅವರ ವಾದವಾಗಿತ್ತು. ಪಾರಿವಾಳದ ಮೆದುಳಿನಲ್ಲಿ, ಡಿಕ್ಕಿಗೆ ನಿರ್ದಿಷ್ಟ ಸಮಯ ಉಳಿದಿರುವಾಗ ಪ್ರತಿಕ್ರಿಯಿಸುವ ನರಕೋಶಗಳು ಮುಂದೆ ಪತ್ತೆಯಾದವು. ಮಿಡತೆಗಳಲ್ಲಿಯೂ ಮೈಮೇಲೆ ಎರಗುವ ನೆರಳಿಗೆ ಸಿಡಿಯುವ ದೊಡ್ಡ ನರಕೋಶವೊಂದಿದೆ. ಮನುಷ್ಯರು ಟೌ ಒಂದನ್ನೇ ನೆಚ್ಚುವುದಿಲ್ಲ, ವಸ್ತುವಿನ ಪರಿಚಿತ ಗಾತ್ರ ಮತ್ತು ಎರಡು ಕಣ್ಣುಗಳ ನೋಟದ ವ್ಯತ್ಯಾಸವನ್ನೂ ಬೆರೆಸಿಕೊಳ್ಳುತ್ತಾರೆ.

ಇದೆಲ್ಲ ಸಾಧ್ಯವಾಗಲು ಮೊದಲು ಚಲನೆ ಎಂಬುದು ಮೆದುಳಿಗೆ ತಿಳಿಯಬೇಕಲ್ಲವೇ? ಇಲ್ಲಿಯೇ ಮೊದಲ ತೊಡಕು. ಬೆಳಕಿಗೆ ಸ್ಪಂದಿಸುವ ಕಣ್ಣಿನ ಒಂದೊಂದು ಕೋಶಕ್ಕೂ ಗೊತ್ತಾಗುವುದು ತನ್ನ ಮೇಲೆ ಬೀಳುವ ಬೆಳಕು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದಷ್ಟೇ. ಬೆಳಕಿನ ಚುಕ್ಕೆ ಎಡದಿಂದ ಬಂತೋ ಬಲದಿಂದ ಬಂತೋ ಎಂದು ಹೇಳುವ ಶಕ್ತಿ ಒಂಟಿ ಕೋಶಕ್ಕಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಪುಟ್ಟ ಮೂತಿಹುಳುವಿನಿಂದ. ಜರ್ಮನಿಯ ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಮತ್ತು ವರ್ನರ್ ರೈಷಾರ್ಡ್ಟ್ ಆ ಹುಳುವಿನ ಬೆನ್ನನ್ನು ಕಡ್ಡಿಯೊಂದಕ್ಕೆ ಅಂಟಿಸಿ, ಅದರ ಕಾಲುಗಳಿಗೆ ಹುಲ್ಲುಕಡ್ಡಿಯಿಂದ ಹೆಣೆದ ಹಗುರವಾದ ಗೋಳವನ್ನು ಕೊಟ್ಟರು. ಹುಳು ನಡೆದಂತೆಲ್ಲ ಅದರ ಕಾಲಡಿಯಲ್ಲಿ ಗೋಳ ತಿರುಗುತ್ತಿತ್ತು; ಮತ್ತೆ ಮತ್ತೆ ಕವಲುದಾರಿ ಎದುರಾಗಿ, ಎಡವೋ ಬಲವೋ ಎಂದು ಹುಳು ಆರಿಸಬೇಕಾಗುತ್ತಿತ್ತು. ಸುತ್ತಲೂ ಪಟ್ಟಿಗಳನ್ನು ಚಲಿಸುವಂತೆ ಮಾಡಿ, ಹುಳು ಯಾವ ಕವಲು ಹಿಡಿಯುತ್ತದೆ ಎಂದು ಅವರು ಎಣಿಸಿದರು. ಆ ಎಣಿಕೆಯಿಂದ 1956ರಲ್ಲಿ ಹೊರಬಂದ ಮಾದರಿ ಇಂದಿಗೂ ಈ ಕ್ಷೇತ್ರದ ತಳಹದಿಯಾಗಿದೆ.

ಆ ಮಾದರಿಯ ತಿರುಳು ಇಷ್ಟು: ಅಕ್ಕಪಕ್ಕದ ಎರಡು ಗ್ರಾಹಕಗಳ ಸಂಕೇತಗಳಲ್ಲಿ ಒಂದನ್ನು ತುಸು ತಡಮಾಡಿ, ಅನಂತರ ಎರಡನ್ನೂ ಹೋಲಿಸಬೇಕು. ಚುಕ್ಕೆ ಎಡ ಗ್ರಾಹಕವನ್ನು ಮೊದಲು ದಾಟಿ ಬಲಕ್ಕೆ ಬಂದರೆ, ತಡವಾದ ಎಡದ ಸಂಕೇತವೂ ತಡವಿಲ್ಲದ ಬಲದ ಸಂಕೇತವೂ ಒಂದೇ ಗಳಿಗೆಯಲ್ಲಿ ಕೂಡಿಕೊಳ್ಳುತ್ತವೆ, ಹೋಲಿಸುವ ಕೋಶ ಜೋರಾಗಿ ಸ್ಪಂದಿಸುತ್ತದೆ. ಚುಕ್ಕೆ ಬಲದಿಂದ ಎಡಕ್ಕೆ ಸಾಗಿದರೆ ಎರಡು ಸಂಕೇತಗಳೂ ಭೇಟಿಯಾಗುವುದೇ ಇಲ್ಲ. ದಿಕ್ಕು ಎಂಬ ಹೊಸ ಗುಣ ಹುಟ್ಟಿದ್ದು ಬರೀ ಒಂದು ವಿಳಂಬದಿಂದ! ಮೊಲದ ಅಕ್ಷಿಪಟಲದಲ್ಲಿಯೂ ದಿಕ್ಕನ್ನು ಆರಿಸುವ ಕೋಶಗಳಿರುವುದನ್ನು ಹೊರೇಸ್ ಬಾರ್ಲೋ ಮತ್ತು ವಿಲಿಯಂ ಲೆವಿಕ್ ವಿವರಿಸಿದರು. 1965ರಲ್ಲಿ ಅವರು ಪ್ರಕಟಿಸಿದ ಬರಹದ ಪ್ರಕಾರ ಅಲ್ಲಿ ಒಲ್ಲದ ದಿಕ್ಕಿನ ಚಲನೆಯನ್ನು ತಡೆದು ಅಳಿಸುವುದೇ ಮುಖ್ಯ ತಂತ್ರ. ಹಣ್ಣಿನ ನೊಣದಲ್ಲಿ ಈ ಕೆಲಸ ಮಾಡುವ ಕೋಶಗಳನ್ನು ಒಂದೊಂದಾಗಿ ಗುರುತಿಸಲಾಗಿದೆ. ಟಿ4 ಎಂಬ ಕೋಶಗಳು ಬೆಳಕಾಗುವ ಅಂಚುಗಳ ಚಲನೆಗೂ, ಟಿ5 ಕೋಶಗಳು ಕತ್ತಲಾಗುವ ಅಂಚುಗಳ ಚಲನೆಗೂ ಸ್ಪಂದಿಸುತ್ತವೆ. ಎರಡರಲ್ಲೂ ನಾಲ್ಕು ಉಪಬಗೆಗಳಿವೆ. ಒಂದೊಂದಕ್ಕೂ ಹಿಂದೆ, ಮುಂದೆ, ಮೇಲೆ, ಕೆಳಗೆ ಎಂಬ ದಿಕ್ಕುಗಳಲ್ಲಿ ಒಂದು ಮೀಸಲು.

ಆದರೆ ಇಂಥ ಕೋಶ ಜಗತ್ತನ್ನು ನೋಡುವುದು ಚಿಕ್ಕದೊಂದು ಕಿಂಡಿಯ ಮೂಲಕ. ಕಾಗದದಲ್ಲಿ ಸಣ್ಣ ತೂತು ಮಾಡಿ, ಅದರ ಹಿಂದೆ ಓರೆಯಾಗಿ ಹಿಡಿದ ಉದ್ದನೆಯ ಕೋಲನ್ನು ಬಲಕ್ಕೆ ಸರಿಸಿ ನೋಡಿದರೆ ಕಷ್ಟ ಏನೆಂದು ತಿಳಿಯುತ್ತದೆ. ಕೋಲಿನ ತುದಿಗಳು ಕಾಣದಿರುವುದರಿಂದ ಅದು ಬಲಕ್ಕೆ ಸರಿಯಿತೋ, ಕೆಳಕ್ಕೆ ಸರಿಯಿತೋ ಹೇಳಲಾಗದು. ಎರಡರಲ್ಲೂ ಕಿಂಡಿಯೊಳಗೆ ಕಾಣುವುದು ಒಂದೇ. ಅದಕ್ಕಾಗಿ ಅನೇಕ ಕಿಂಡಿಗಳ ಸುದ್ದಿಯನ್ನು ಒಟ್ಟುಗೂಡಿಸುವ ಇನ್ನೊಂದು ಹಂತ ಬೇಕು. ಕೋತಿಗಳ ಮತ್ತು ಮನುಷ್ಯರ ಮೆದುಳಿನ ಎಂಟಿ ಎಂಬ ಪ್ರದೇಶ ಈ ಕೆಲಸ ಮಾಡುತ್ತದೆ. ಕೋತಿಗಳಲ್ಲಿ ಅಳೆದಾಗ, ಅಲ್ಲಿನ ಕೋಶಗಳು ಮೊದಲು ಕಿಂಡಿಯ ತಪ್ಪು ಉತ್ತರವನ್ನೇ ಹೇಳಿ, ಸೆಕೆಂಡಿನ ಹತ್ತನೇ ಒಂದು ಭಾಗವೂ ಕಳೆಯುವ ಮುನ್ನ ತಿದ್ದಿಕೊಂಡು ಸರಿಯುತ್ತರಕ್ಕೆ ಬರುವುದು ಕಂಡುಬಂದಿದೆ.

ಎಂಟಿ ಮತ್ತು ಅದರ ಸುತ್ತಲಿನ ಪ್ರದೇಶದ ಮಹತ್ವ ಅರಿವಾಗುವುದು ಅದು ಕೆಟ್ಟಾಗ. 1983ರಲ್ಲಿ ಜರ್ಮನಿಯ ವೈದ್ಯವಿಜ್ಞಾನಿಗಳು ವರದಿ ಮಾಡಿದ ಮಹಿಳೆಯೊಬ್ಬರಿಗೆ ಮೆದುಳಿನ ಎರಡೂ ಬದಿಯ ಈ ಭಾಗಕ್ಕೆ ಪೆಟ್ಟಾಗಿತ್ತು. ಅವರಿಗೆ ಬಣ್ಣ ಕಾಣುತ್ತಿತ್ತು, ಆಕಾರ ಕಾಣುತ್ತಿತ್ತು, ವಸ್ತುಗಳ ಗುರುತು ಸಿಗುತ್ತಿತ್ತು. ಚಲನೆ ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಚಹಾ ಸುರಿಯುವಾಗ ಧಾರೆ ಹೆಪ್ಪುಗಟ್ಟಿದ ಹಿಮದಂತೆ ನಿಂತಿರುತ್ತಿತ್ತು, ಬಟ್ಟಲು ತುಂಬುತ್ತಾ ಮೇಲೇರುವುದು ಕಾಣದೆ ಯಾವಾಗ ನಿಲ್ಲಿಸಬೇಕೆಂದೇ ತಿಳಿಯುತ್ತಿರಲಿಲ್ಲ. ರಸ್ತೆ ದಾಟಲು ನಿಂತರೆ ದೂರದಲ್ಲಿದ್ದ ಕಾರು ಮರುಕ್ಷಣ ಪಕ್ಕದಲ್ಲೇ ಇರುತ್ತಿತ್ತು, ನಡುವಿನ ಪಯಣ ಇರುತ್ತಲೇ ಇರಲಿಲ್ಲ. ಕೊನೆಗೆ ವಾಹನದ ಸದ್ದು ಹೆಚ್ಚಾಗುವುದನ್ನು ಆಲಿಸಿ ದೂರವನ್ನು ಅಂದಾಜು ಮಾಡಲು ಅವರು ಕಲಿತರು. ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದ ಸಾಕ್ಷ್ಯವೂ ಇದೆ: 1990ರಲ್ಲಿ ವಿಲಿಯಂ ನ್ಯೂಸಮ್ ಅವರ ತಂಡ ಕೋತಿಯ ಎಂಟಿ ಪ್ರದೇಶದ ಒಂದು ದಿಕ್ಕಿನ ಕೋಶಗಳಿಗೆ ಅತಿ ಸಣ್ಣ ವಿದ್ಯುತ್ತನ್ನು ಹಾಯಿಸಿದಾಗ, ಪರದೆಯ ಮೇಲಿನ ಚುಕ್ಕೆಗಳು ಆ ದಿಕ್ಕಿಗೇ ಸಾಗುತ್ತಿವೆ ಎಂದು ಕೋತಿ ಹೆಚ್ಚು ಸಲ ಉತ್ತರಿಸಿತು.

ಈಗ ಈ ವಿಷಯದ ನಿಜವಾದ ಗಂಟಿಗೆ ಬರಬಹುದು. ಅಕ್ಷಿಪಟಲದ ಮೇಲಿನ ಹರಿವು ಒಂದೇ ಮೂಲದಿಂದ ಬಂದದ್ದಲ್ಲ. ದೇಹ ಮುಂದೆ ಸಾಗಿದ್ದರಿಂದ ಬಂದ ಹರಿವು, ಕಣ್ಣು ಮತ್ತು ತಲೆ ತಿರುಗಿದ್ದರಿಂದ ಬಂದ ಹರಿವು, ಹೊರಗಿನ ವಸ್ತುಗಳು ತಾವೇ ಚಲಿಸಿದ್ದರಿಂದ ಬಂದ ಹರಿವು, ಈ ಮೂರೂ ಬೆರೆತೇ ಅಲ್ಲಿಗೆ ಬಂದಿರುತ್ತವೆ. ಚಲನೆಯನ್ನು ಕಾಣುವುದಕ್ಕಿಂತ ಈ ಬೆರಕೆಯನ್ನು ಬಿಡಿಸುವುದೇ ಮೆದುಳಿಗೆ ದೊಡ್ಡ ಕೆಲಸ ಎಂದು ನನಗೆ ಅನ್ನಿಸುತ್ತದೆ, ಮತ್ತು ದೃಶ್ಯಪ್ರವಾಹವನ್ನು ಬರೀ ಹಿಗ್ಗುವ ಚುಕ್ಕೆಗಳ ಚಿತ್ರವಾಗಿ ತೋರಿಸಿ ಮುಗಿಸುವ ವಿವರಣೆಗಳು ಈ ಮುಖ್ಯ ಮಾತನ್ನೇ ಬಿಟ್ಟುಬಿಡುತ್ತವೆ. ನೇರವಾಗಿ ನಡೆಯುತ್ತಾ ಪಕ್ಕದ ಮರವೊಂದರ ಮೇಲೆ ಕಣ್ಣು ನೆಟ್ಟರೆ, ಕಣ್ಣು ನಿಧಾನವಾಗಿ ಹೊರಳುತ್ತಾ ಮರವನ್ನು ಹಿಂಬಾಲಿಸುತ್ತದೆ. ಆಗ ಅಕ್ಷಿಪಟಲದಲ್ಲಿ ಅಲುಗದೆ ನಿಲ್ಲುವುದು ಹೋಗಬೇಕಾದ ದಿಕ್ಕಲ್ಲ, ಆ ಮರ! ಸ್ಥಿರ ಬಿಂದುವನ್ನು ಹುಡುಕಿ ಅತ್ತ ಸಾಗುವುದೇ ನಿಯಮವಾಗಿದ್ದರೆ ನಾವೆಲ್ಲ ನೋಡಿದ ಮರಕ್ಕೇ ಹೋಗಿ ಡಿಕ್ಕಿ ಹೊಡೆಯುತ್ತಿದ್ದೆವು.

ಬೆರಕೆಯನ್ನು ಬಿಡಿಸಲು ಹರಿವಿನೊಳಗೇ ಒಂದು ಸುಳಿವು ಇದೆ. ಕಣ್ಣು ತಿರುಗಿದಾಗ ಹತ್ತಿರದ ವಸ್ತುವೂ ದೂರದ ವಸ್ತುವೂ ಒಂದೇ ಕೋನದಷ್ಟು ಸರಿಯುತ್ತವೆ. ದೇಹ ಮುಂದೆ ಸಾಗಿದಾಗ ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ. ಹಾಗಾಗಿ ಒಂದೇ ದಿಕ್ಕಿನಲ್ಲಿ ಕಾಣುವ ಹತ್ತಿರದ ಮತ್ತು ದೂರದ ಎರಡು ಬಿಂದುಗಳ ವೇಗವನ್ನು ಕಳೆದರೆ ತಿರುಗುವಿಕೆಯ ಪಾಲು ವಜಾ ಆಗಿ, ಸಾಗುವಿಕೆಯ ಪಾಲು ಮಾತ್ರ ಉಳಿಯುತ್ತದೆ. ಎರಡನೆಯ ಸುಳಿವು ಮೆದುಳಿನ ಒಳಗಿನಿಂದಲೇ ಬರುತ್ತದೆ. ಕಣ್ಣಿನ ಸ್ನಾಯುಗಳಿಗೆ ‘ಹೊರಳು’ ಎಂಬ ಆಜ್ಞೆ ಹೋಗುವಾಗ, ಅದರ ಒಂದು ನಕಲು ದೃಷ್ಟಿಯ ಪ್ರದೇಶಗಳಿಗೂ ತಲುಪುತ್ತದೆ. ಇಷ್ಟು ಹರಿವು ನಮ್ಮದೇ ಕಣ್ಣಿನಿಂದ ಬರಲಿದೆ, ಅದನ್ನು ಕಳೆಯಿರಿ ಎಂಬ ಮುನ್ಸೂಚನೆ ಅದು. ಈ ವಿಚಾರವನ್ನು 1950ರಲ್ಲಿ ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟೆಲ್‌ಸ್ಟೆಟ್, ಹಾಗೂ ಪ್ರತ್ಯೇಕವಾಗಿ ರೋಜರ್ ಸ್ಪೆರಿ ಮಂಡಿಸಿದರು. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಒಂದು ಕಣ್ಣು ಮುಚ್ಚಿಕೊಂಡು, ತೆರೆದ ಕಣ್ಣಿನ ಹೊರತುದಿಯನ್ನು ರೆಪ್ಪೆಯ ಮೇಲಿನಿಂದ ಬೆರಳಿನಲ್ಲಿ ಬಹಳ ಮೆಲ್ಲಗೆ ತಳ್ಳಿದರೆ ಇಡೀ ಕೋಣೆ ಜರುಗಿದಂತೆ ಕಾಣುತ್ತದೆ. ಕಣ್ಣನ್ನು ನಾವಾಗಿಯೇ ಅದಕ್ಕಿಂತ ಹತ್ತು ಪಟ್ಟು ಹೊರಳಿಸಿದರೂ ಕೋಣೆ ಸ್ಥಿರವಾಗಿರುತ್ತದೆ. ಬೆರಳಿನಿಂದ ತಳ್ಳಿದಾಗ ಕಣ್ಣು ಸರಿಯಿತು, ಆದರೆ ಆಜ್ಞೆಯ ನಕಲು ಹೊರಟಿರಲಿಲ್ಲ.

ಮೂರನೆಯ ಉಪಾಯವೆಂದರೆ ತಿರುಗುವಿಕೆಯನ್ನೇ ಆದಷ್ಟು ಕಡಿಮೆ ಮಾಡುವುದು. ನೊಣಗಳು ಸುತ್ತಿ ಸುತ್ತಿ ಹಾರುವಂತೆ ಕಂಡರೂ ವಾಸ್ತವದಲ್ಲಿ ನೇರ ಗೆರೆಗಳಲ್ಲಿ ಹಾರಿ, ನಡುನಡುವೆ ಕಣ್ಣುಮಿಟುಕಿಸುವಷ್ಟರಲ್ಲಿ ಗಕ್ಕನೆ ತಿರುಗುತ್ತವೆ. ಹೀಗೆ ತಿರುಗುವ ಕಾಲ ಬೇರೆ, ಹರಿವನ್ನು ಓದುವ ಕಾಲ ಬೇರೆ ಆಗುತ್ತದೆ. ಪಾರಿವಾಳ ನಡೆಯುವಾಗ ಕತ್ತನ್ನು ಮುಂದಕ್ಕೆ ಚಾಚಿ, ಮೈ ಬಂದು ಸೇರುವವರೆಗೆ ತಲೆಯನ್ನು ಗಾಳಿಯಲ್ಲಿ ಅಲುಗದಂತೆ ಹಿಡಿಯುತ್ತದೆ. 1978ರಲ್ಲಿ ಬ್ಯಾರಿ ಫ್ರಾಸ್ಟ್ ಪಾರಿವಾಳವನ್ನು ಚಲಿಸುವ ಪಟ್ಟಿಯ ಮೇಲೆ ನಡೆಸಿದರು. ಕಾಲು ನಡೆಯುತ್ತಿತ್ತು, ಆದರೆ ಸುತ್ತಲಿನ ದೃಶ್ಯ ಹರಿಯುತ್ತಿರಲಿಲ್ಲ, ತಲೆಯಾಡಿಸುವುದೂ ನಿಂತುಹೋಯಿತು. ಅಂದರೆ ಆ ತಲೆಯಾಟ ನಡಿಗೆಯ ಭಾಗವಲ್ಲ, ನೋಟದ ಭಾಗ.

ದೊಡ್ಡ ಜಾತಿಯ ನೊಣಗಳಲ್ಲಿ ಹೋಲ್ಗರ್ ಕ್ರಾಪ್ ಮತ್ತು ರೋಲ್ಯಾಂಡ್ ಹೆಂಗ್‌ಸ್ಟೆನ್‌ಬರ್ಗ್ 1996ರಲ್ಲಿ ಕಂಡದ್ದು ಇನ್ನೂ ಸೊಗಸಾಗಿದೆ. ಕಣ್ಣಿನ ವಿಶಾಲ ಭಾಗದಿಂದ ಸುದ್ದಿ ಪಡೆಯುವ ದೊಡ್ಡ ಕೋಶಗಳಲ್ಲಿ ಒಂದನ್ನು ಆಯ್ದು, ನೋಟದ ಒಂದೊಂದು ಜಾಗದಲ್ಲೂ ಅದಕ್ಕೆ ಇಷ್ಟವಾದ ದಿಕ್ಕು ಯಾವುದೆಂದು ಅವರು ನಕ್ಷೆ ಬರೆದರು. ಬಿಡಿ ಬಾಣಗಳು ಕೂಡಿ ಒಂದು ಸುಳಿಯ ಚಿತ್ರ ಮೂಡಿತು: ನೊಣ ಒಂದು ನಿರ್ದಿಷ್ಟ ಅಕ್ಷದ ಸುತ್ತ ಉರುಳಿದರೆ ಕಣ್ಣಿನ ಮೇಲೆ ಹುಟ್ಟುವ ಹರಿವು ಯಾವುದೋ ಅದೇ ಚಿತ್ರ. ಪಕ್ಕದ ಕೋಶಕ್ಕೆ ಮತ್ತೊಂದು ಅಕ್ಷ. ಹರಿವನ್ನು ಲೆಕ್ಕ ಹಾಕಿ ಬಿಡಿಸುವ ಬದಲು, ಬರಬಹುದಾದ ಹರಿವುಗಳ ಅಚ್ಚುಗಳನ್ನೇ ನೊಣ ತಲೆಯೊಳಗೆ ಇಟ್ಟುಕೊಂಡಿದೆ.

ಕೋತಿಯ ಮೆದುಳಿನಲ್ಲಿ ಇದಕ್ಕೆ ಸಮೀಪವಾದದ್ದು ಎಂಟಿಯ ಪಕ್ಕದ ಎಂಎಸ್‌ಟಿ ಪ್ರದೇಶ. 1980ರ ದಶಕದಲ್ಲಿ ಜಪಾನಿನ ಕೇಜಿ ತನಾಕ ಮತ್ತು ಸಂಗಡಿಗರು, ಮುಂದೆ 1991ರಲ್ಲಿ ಚಾರ್ಲ್ಸ್ ಡಫಿ ಮತ್ತು ರಾಬರ್ಟ್ ವುರ್ಟ್ಸ್, ಹಿಗ್ಗುವ, ಕುಗ್ಗುವ ಮತ್ತು ಸುತ್ತುವ ವಿಶಾಲ ಹರಿವುಗಳಿಗೆ ಸ್ಪಂದಿಸುವ ಕೋಶಗಳನ್ನು ಇಲ್ಲಿ ವಿವರಿಸಿದರು. ಇಲ್ಲಿಗೂ ಸಣ್ಣ ವಿದ್ಯುತ್ ಹಾಯಿಸಿದಾಗ, ತಾನು ಸಾಗುತ್ತಿರುವ ದಿಕ್ಕಿನ ಬಗ್ಗೆ ಕೋತಿಯ ತೀರ್ಮಾನ ಬದಲಾಗುತ್ತದೆ. ಮನುಷ್ಯರು ಬರೀ ಚುಕ್ಕೆಗಳ ಹರಿವನ್ನು ನೋಡಿ ಒಂದೆರಡು ಡಿಗ್ರಿಯಷ್ಟು ನಿಖರವಾಗಿ ತಮ್ಮ ದಿಕ್ಕನ್ನು ಹೇಳಬಲ್ಲರು ಎಂದು ವಿಲಿಯಂ ವಾರನ್ ಮತ್ತು ಡೇನಿಯಲ್ ಹ್ಯಾನನ್ 1988ರಲ್ಲಿ ತೋರಿಸಿದ್ದರು.

ಎಂಎಸ್‌ಟಿ ಕೋಶಗಳು ಬರೀ ಕಣ್ಣಿನ ಮಾತು ಕೇಳುವುದಿಲ್ಲ. ಕತ್ತಲೆಯಲ್ಲಿ ಕೋತಿಯ ಆಸನವನ್ನು ಸರಿಸಿದರೂ ಅವುಗಳಲ್ಲಿ ಅನೇಕ ಕೋಶಗಳು ಸ್ಪಂದಿಸುತ್ತವೆ, ಏಕೆಂದರೆ ಒಳಕಿವಿಯ ಸುದ್ದಿಯೂ ಅಲ್ಲಿಗೆ ಬರುತ್ತದೆ. ಒಳಕಿವಿ ಗುರುತಿಸುವುದು ವೇಗದ ಬದಲಾವಣೆಯನ್ನು. ಸಮವೇಗದಲ್ಲಿ ಸಾಗುವಾಗ ಅದು ಸುಮ್ಮನಾಗುತ್ತದೆ, ಆಗ ಕಣ್ಣೊಂದೇ ಆಧಾರ. ಪಕ್ಕದ ರೈಲು ನಮ್ಮನ್ನು ಅಷ್ಟು ಸುಲಭವಾಗಿ ನಂಬಿಸಿಬಿಡುವುದೂ ರೈಲುಗಳು ಬಹಳ ಮೆಲ್ಲಗೆ ಹೊರಡುವುದರಿಂದಲೇ. ಡೋರಾ ಆಂಜೆಲಾಕಿ ಮತ್ತು ಗ್ರೆಗ್ ಡಿಆಂಜೆಲಿಸ್ ಅವರ ಪ್ರಯೋಗಗಳಲ್ಲಿ, ಕಣ್ಣು ಮತ್ತು ಒಳಕಿವಿ ಎರಡೂ ಒಟ್ಟಿಗೆ ಸಿಕ್ಕಾಗ ಕೋತಿಗಳು ದಿಕ್ಕನ್ನು ಹೆಚ್ಚು ನಿಖರವಾಗಿ ಹೇಳಿದವು, ಚುಕ್ಕೆಗಳನ್ನು ಅಸ್ಪಷ್ಟಗೊಳಿಸಿದಾಗ ಒಳಕಿವಿಗೆ ಹೆಚ್ಚು ತೂಕ ಕೊಟ್ಟವು. ಎರಡೂ ಸುದ್ದಿಗಳು ತೀರಾ ಹೊಂದದಿದ್ದರೆ ಏನಾಗುತ್ತದೆ ಎಂಬುದು ವಾಹನದಲ್ಲಿ ಕೂತು ಓದುವವರಿಗೂ, ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡವರಿಗೂ ಗೊತ್ತು: ಹೊಟ್ಟೆ ತೊಳಸುತ್ತದೆ.

ಜೇನುನೊಣದ ಮೆದುಳು ಎಳ್ಳುಕಾಳಿಗಿಂತ ಚಿಕ್ಕದು, ಅದರ ಎರಡು ಕಣ್ಣುಗಳ ನಡುವಿನ ಅಂತರ ಕೆಲವೇ ಮಿಲಿಮೀಟರ್. ನಮ್ಮಂತೆ ಎರಡು ಕಣ್ಣುಗಳಿಂದ ದೂರವನ್ನು ಅಳೆಯುವುದು ಅದಕ್ಕೆ ಸಾಧ್ಯವಿಲ್ಲ. ಹಾಗಿದ್ದರೂ ಅದು ಕಿರಿದಾದ ಸಂದಿಯಲ್ಲಿ ನಟ್ಟನಡುವೆ ಹಾರುತ್ತದೆ. ಭಾರತ ಮೂಲದ ವಿಜ್ಞಾನಿ ಮಂಡ್ಯಂ ಶ್ರೀನಿವಾಸನ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಲ್ಲಿ, ಪಟ್ಟೆಗಳನ್ನು ಬರೆದ ಗೋಡೆಗಳಿರುವ ಸುರಂಗದೊಳಗೆ ಜೇನುನೊಣಗಳನ್ನು ಹಾರಲು ಬಿಟ್ಟು ಇದರ ಗುಟ್ಟನ್ನು ಹುಡುಕಿದರು. ಒಂದು ಬದಿಯ ಗೋಡೆಯ ಪಟ್ಟೆಗಳನ್ನು ನೊಣ ಹಾರುವ ದಿಕ್ಕಿಗೇ ಸರಿಸಿದಾಗ, ಆ ಬದಿಯ ಹರಿವು ನೊಣಕ್ಕೆ ನಿಧಾನವಾಗಿ ಕಾಣಿಸಿತು. ನೊಣ ಆ ಗೋಡೆಯತ್ತ ಸರಿದು ಹಾರಿತು. ಎರಡೂ ಕಣ್ಣುಗಳಲ್ಲಿ ಹರಿವಿನ ವೇಗವನ್ನು ಸಮನಾಗಿ ಇಟ್ಟುಕೊಳ್ಳುವುದೇ ಅದರ ನಿಯಮ, ದೂರ ಗೊತ್ತಾಗಬೇಕಾಗಿಯೇ ಇಲ್ಲ. ಇಳಿಯುವಾಗಲೂ ಅಷ್ಟೇ: ನೆಲದ ಬಿಂಬ ಹರಿಯುವ ವೇಗ ಬದಲಾಗದಂತೆ ನೋಡಿಕೊಳ್ಳುತ್ತದೆ. ಎತ್ತರ ಕಡಿಮೆಯಾದಂತೆ ಹರಿವು ಹೆಚ್ಚಾಗಬೇಕು, ಅದನ್ನು ಹೆಚ್ಚಾಗಲು ಬಿಡದಿರಲು ನೊಣ ತನ್ನ ವೇಗವನ್ನು ಇಳಿಸಲೇಬೇಕು. ನೆಲ ಮುಟ್ಟುವ ಹೊತ್ತಿಗೆ ವೇಗ ತಾನಾಗಿಯೇ ಸೊನ್ನೆಗೆ ಹತ್ತಿರವಾಗಿರುತ್ತದೆ.

ಇನ್ನು ದೂರದ ಲೆಕ್ಕ. ಮೇವು ಕಂಡುಬಂದ ಜೇನುನೊಣ ಗೂಡಿಗೆ ಮರಳಿ, ಹೊಟ್ಟೆ ಅಲುಗಿಸುವ ಕುಣಿತದ ಮೂಲಕ ದಿಕ್ಕನ್ನೂ ದೂರವನ್ನೂ ಉಳಿದವುಗಳಿಗೆ ತಿಳಿಸುತ್ತದೆ. ಮೇವು ತೀರಾ ಹತ್ತಿರವಿದ್ದರೆ ಸುಮ್ಮನೆ ವೃತ್ತಾಕಾರವಾಗಿ ಕುಣಿಯುತ್ತದೆ. ಇದನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ನೊಣ ದೂರವನ್ನು ಅಳೆಯುವುದು ಖರ್ಚಾದ ಶಕ್ತಿಯಿಂದ ಎಂದು ಬಹುಕಾಲ ನಂಬಲಾಗಿತ್ತು. ಶ್ರೀನಿವಾಸನ್ ಅವರ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗೂಡಿನ ಸಮೀಪದಲ್ಲೇ ಆರು ಮೀಟರಿನಷ್ಟು ಉದ್ದದ ಇಕ್ಕಟ್ಟಾದ ಸುರಂಗವಿತ್ತು, ಅದರ ಗೋಡೆಗಳಲ್ಲಿ ದಟ್ಟವಾದ ಚಿತ್ತಾರವಿತ್ತು, ಕೊನೆಯಲ್ಲಿ ಸಕ್ಕರೆ ನೀರಿತ್ತು. ಅಲ್ಲಿಂದ ಮರಳಿದ ನೊಣಗಳು ಬಯಲಿನಲ್ಲಿ ಇನ್ನೂರು ಮೀಟರಿನ ಹತ್ತಿರ ಹಾರಿ ಬಂದವುಗಳಂತೆ ಕುಣಿದವು. ಗೋಡೆಗಳು ಹತ್ತಿರವಿದ್ದದ್ದರಿಂದ ಕಣ್ಣಿನಲ್ಲಿ ಹರಿದ ಬಿಂಬದ ಮೊತ್ತ ಅಷ್ಟು ದೊಡ್ಡದಾಗಿತ್ತು. ಅದೇ ಸುರಂಗದಲ್ಲಿ ಪಟ್ಟೆಗಳನ್ನು ಉದ್ದುದ್ದಕ್ಕೆ, ಹಾರುವ ದಿಕ್ಕಿಗೆ ಸಮಾನಾಂತರವಾಗಿ ಬರೆದಾಗ ಹರಿಯಲು ಏನೂ ಇರಲಿಲ್ಲ. ನೊಣಗಳು ಮೇವು ಬಾಗಿಲಲ್ಲೇ ಇದೆ ಎಂಬಂತೆ ವೃತ್ತಾಕಾರದ ಕುಣಿತ ಕುಣಿದವು. ಹರಿವು ಹೇಳುವುದು ಅನುಪಾತವನ್ನು ಮಾತ್ರ ಎಂಬ ಆ ದೌರ್ಬಲ್ಯ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಗೂಡಿನ ಉಳಿದ ನೊಣಗಳೂ ಅದೇ ದಾರಿಯಲ್ಲಿ, ಅದೇ ಬಗೆಯ ದೃಶ್ಯದ ನಡುವೆ ಹಾರುವುದರಿಂದ ಸಹಜ ಬದುಕಿನಲ್ಲಿ ಈ ಅಳತೆಗೋಲು ಕೆಲಸಕ್ಕೆ ಬರುತ್ತದೆ.

ಮನುಷ್ಯರು ನಡೆಯುವಾಗ ಇದನ್ನೆಲ್ಲ ಎಷ್ಟರಮಟ್ಟಿಗೆ ಬಳಸುತ್ತಾರೆ ಎಂಬುದು ವಿವಾದದ ವಿಷಯ. 1998ರಲ್ಲಿ ಸೈಮನ್ ರಷ್ಟನ್ ಮತ್ತು ಸಂಗಡಿಗರು ಜನರಿಗೆ ನೋಟವನ್ನು ಪಕ್ಕಕ್ಕೆ ಬಾಗಿಸುವ ಪ್ರಿಸಂ ಕನ್ನಡಕ ತೊಡಿಸಿ ಗುರಿಯತ್ತ ನಡೆಸಿದರು. ಹರಿವನ್ನೇ ನೆಚ್ಚಿದ್ದರೆ ಅವರು ನೇರವಾಗಿ ನಡೆಯಬೇಕಿತ್ತು. ಆದರೆ ಬಾಗಿದ ದಾರಿ ಹಿಡಿದರು, ಅಂದರೆ ಗುರಿ ತಮ್ಮ ಮೈಗೆ ಯಾವ ದಿಕ್ಕಿನಲ್ಲಿ ಕಾಣುತ್ತದೋ ಅತ್ತ ಹೆಜ್ಜೆ ಹಾಕಿದರು. ವಾರನ್ ಅವರ ತಂಡ 2001ರಲ್ಲಿ ವರ್ಚುವಲ್ ಪರಿಸರದಲ್ಲಿ ಇದನ್ನು ಮತ್ತೆ ನೋಡಿದಾಗ, ನೆಲ, ಗೋಡೆ, ಕಂಬಗಳನ್ನು ಸೇರಿಸಿ ಹರಿವನ್ನು ಶ್ರೀಮಂತಗೊಳಿಸಿದಷ್ಟೂ ನಡಿಗೆಯ ದಾರಿ ನೇರವಾಗುತ್ತಾ ಬಂತು. ಖಾಲಿ ಹುಲ್ಲುಗಾವಲಿನಲ್ಲಿ ಗುರಿಯ ದಿಕ್ಕು, ವಸ್ತುಗಳು ತುಂಬಿದ ಜಾಗದಲ್ಲಿ ಹರಿವು, ಹೀಗೆ ಸಂದರ್ಭಕ್ಕೆ ತಕ್ಕಂತೆ ತೂಕ ಬದಲಾಗುತ್ತದೆ ಎಂಬುದೇ ನನಗೆ ಒಪ್ಪಿಗೆಯಾಗುವ ಓದು. 2022ರಲ್ಲಿ ಜೊನಾಥನ್ ಮ್ಯಾಥಿಸ್, ಮೇರಿ ಹೇಹೋ ಮತ್ತು ಸಂಗಡಿಗರು ನಿಜವಾದ ನೆಲದ ಮೇಲೆ ನಡೆಯುವವರ ತಲೆಗೆ ಕ್ಯಾಮೆರಾ ಕಟ್ಟಿ ಅಳೆದದ್ದು ಚಿತ್ರವನ್ನು ಇನ್ನಷ್ಟು ಬದಲಿಸಿತು. ಪ್ರತಿ ಹೆಜ್ಜೆಗೂ ತಲೆ ಕುಲುಕುವುದರಿಂದ, ಹಿಗ್ಗುವಿಕೆಯ ಕೇಂದ್ರ ಒಂದೆಡೆ ನಿಲ್ಲದೆ ನೋಟದ ತುಂಬ ಜಿಗಿದಾಡುತ್ತದೆ. ಕಣ್ಣು ಮಾತ್ರ ನೆಲದ ಒಂದು ಬಿಂದುವನ್ನು ಹಿಡಿದುಕೊಂಡಿರುತ್ತದೆ, ಅದರ ಸುತ್ತ ಹರಿವು ಸುಳಿಯಂತೆ ತಿರುಗುತ್ತದೆ. ಆ ಸುಳಿ ಯಾವ ಕಡೆಗೆ ತಿರುಗುತ್ತಿದೆ ಎಂಬುದರಿಂದ, ನೋಡುತ್ತಿರುವ ಬಿಂದುವಿನ ಎಡಕ್ಕೆ ಹಾದುಹೋಗುತ್ತೇವೆಯೋ ಬಲಕ್ಕೋ ಎಂದು ತಿಳಿಯಬಹುದು. ಗಿಬ್ಸನ್ ಅವರ ಮೂಲ ಚಿತ್ರ ವಿಮಾನಕ್ಕೆ ಹೊಂದಿದಷ್ಟು ಎರಡು ಕಾಲಿನ ನಡಿಗೆಗೆ ಹೊಂದುವುದಿಲ್ಲ.

ದಾರಿ ಕಾಣುವುದೆಂದರೆ ಈ ಕ್ಷಣದ ದಿಕ್ಕು ಮಾತ್ರವಲ್ಲ, ಹೊರಟ ಜಾಗದಿಂದ ಎತ್ತ, ಎಷ್ಟು ಬಂದೆವು ಎಂಬ ಲೆಕ್ಕವೂ ಹೌದು. ಸಸ್ತನಿಗಳಲ್ಲಿ ಈ ಲೆಕ್ಕದಲ್ಲಿ ಪಾಲ್ಗೊಳ್ಳುವ ಸ್ಥಳಕೋಶ (ನಿರ್ದಿಷ್ಟ ಜಾಗವೊಂದರಲ್ಲಿ ಸ್ಪಂದಿಸುವ ನರಕೋಶ) ಮತ್ತು ಜಾಲಕೋಶಗಳನ್ನು (ಜಾಲರಿಯಂತೆ ಸಮನಾಗಿ ಹರಡಿದ ಹಲವು ಜಾಗಗಳಲ್ಲಿ ಸ್ಪಂದಿಸುವ ನರಕೋಶಗಳನ್ನು) ಕಂಡುಹಿಡಿದುದಕ್ಕಾಗಿ ಜಾನ್ ಓಕೀಫ್, ಮೈ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರಿಗೆ 2014ರ ನೊಬೆಲ್ ಬಹುಮಾನ ಬಂತು. ವರ್ಚುವಲ್ ಓಣಿಯಲ್ಲಿ ಓಡುವ ಸುಂಡಿಲಿಗಳಿಗೆ ಕಾಲಿನ ವೇಗ ಒಂದು, ದೃಶ್ಯ ಹರಿಯುವ ವೇಗ ಇನ್ನೊಂದು ಆಗುವಂತೆ ಮಾಡಿದಾಗ ಜಾಲಕೋಶಗಳ ವಿನ್ಯಾಸ ಬದಲಾಗುತ್ತದೆ. ಕತ್ತಲೆಯಲ್ಲಿ ಅದು ಕದಡಿಹೋಗುತ್ತದೆ.

ಹರಿವು ನಕ್ಷೆಯಾಗುವ ಹೆಜ್ಜೆಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಮತ್ತೆ ಹಣ್ಣಿನ ನೊಣ. ಅದರ ಮೆದುಳಿನ ನಡುವೆ ಉಂಗುರದಂತೆ ಜೋಡಣೆಯಾದ ಕೋಶಗಳಿವೆ. ಅವುಗಳಲ್ಲಿ ಒಂದೆಡೆ ಮಾತ್ರ ಚ‌ಟುವಟಿಕೆಯ ಉಬ್ಬು ಇದ್ದು, ನೊಣ ತಿರುಗಿದಂತೆ ಅದು ದಿಕ್ಸೂಚಿಯ ಮುಳ್ಳಿನಂತೆ ಸುತ್ತುತ್ತದೆ ಎಂದು ಯೋಹಾನೆಸ್ ಸೀಲಿಗ್ ಮತ್ತು ವಿವೇಕ್ ಜಯರಾಮನ್ 2015ರಲ್ಲಿ ತೋರಿಸಿದರು. ಆದರೆ ತಲೆ ಇರುವ ದಿಕ್ಕು ಮತ್ತು ಮೈ ಸಾಗುವ ದಿಕ್ಕು ಎರಡೂ ಒಂದೇ ಆಗಿರಬೇಕಿಲ್ಲ, ಪಕ್ಕದಿಂದ ಬೀಸುವ ಗಾಳಿ ನೊಣವನ್ನು ಓರೆಯಾಗಿ ತಳ್ಳಬಹುದು. 2022ರಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ಬೇರೆಬೇರೆಯಾಗಿ ಇದಕ್ಕೆ ಉತ್ತರ ಕಂಡುಕೊಂಡವು. ನಾಲ್ಕು ಗುಂಪಿನ ಕೋಶಗಳು ದಿಕ್ಸೂಚಿಯ ಉಬ್ಬನ್ನು ನಾಲ್ಕು ಓರೆ ದಿಕ್ಕುಗಳಿಗೆ ಸರಿಸಿ ನಕಲು ಮಾಡಿಕೊಳ್ಳುತ್ತವೆ: ಮುಂದೆ ಎಡ, ಮುಂದೆ ಬಲ, ಹಿಂದೆ ಎಡ, ಹಿಂದೆ ಬಲ. ಕಣ್ಣಿನಲ್ಲಿ ಹರಿವು ಯಾವ ದಿಕ್ಕಿನ ಸಾಗುವಿಕೆಯನ್ನು ಸೂಚಿಸುತ್ತದೋ ಆ ದಿಕ್ಕಿನ ಉಬ್ಬು ಎತ್ತರವಾಗುತ್ತದೆ, ಉಳಿದವು ತಗ್ಗುತ್ತವೆ. ಮುಂದಿನ ಪದರದ ಕೋಶಗಳು ನಾಲ್ಕನ್ನೂ ಕೂಡಿಸುತ್ತವೆ. ಶಾಲೆಯಲ್ಲಿ ಬಾಣಗಳನ್ನು ತುದಿಗೆ ತುದಿ ಜೋಡಿಸಿ ಕೂಡಿಸಿದಂತೆಯೇ, ಉಬ್ಬಿನ ಜಾಗ ಬಾಣದ ದಿಕ್ಕಾಗಿ, ಉಬ್ಬಿನ ಎತ್ತರ ಬಾಣದ ಉದ್ದವಾಗಿ ಲೆಕ್ಕ ನಡೆಯುತ್ತದೆ. ಚುಕ್ಕೆಗಳ ಪರದೆಯ ಎದುರು ಕಟ್ಟಿ ಹಾರಿಸಿದ ನೊಣಕ್ಕೆ ಓರೆಯಾದ ಹರಿವನ್ನು ತೋರಿಸಿದರೆ, ಅದರ ಮೆದುಳಿನ ಒಂದು ಭಾಗದ ಉಬ್ಬು ತಲೆ ಇರುವ ದಿಕ್ಕಿನಲ್ಲೇ ನಿಂತಿರುತ್ತದೆ, ಪಕ್ಕದ ಭಾಗದ ಉಬ್ಬು ಅದರಿಂದ ಸರಿದು, ಹರಿವಿನ ಪ್ರಕಾರ ನೊಣ ಸಾಗುತ್ತಿರುವ ದಿಕ್ಕಿಗೆ ಹೋಗಿ ನಿಲ್ಲುತ್ತದೆ.